ಬಾಗಿಲಲ್ಲಿ ಕೆಂಪು ಬಟ್ಟೆ ಇರಲಿಲ್ಲ

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ರಸ್ತೆ ದಾಟುವಾಗ ನನ್ನ ತಂಗಿ ಪಕ್ಕದಲ್ಲಿ ನಿಂತವರನ್ನು ಕೇಳುತ್ತಾಳೆ, "ಅಣ್ಣಾ, ಈಗ ಕೆಂಪಾ, ಹಸಿರಾ?" ಕೆಲವರು ಇವಳಿಗೆ ಕಣ್ಣು ಕಾಣುವುದಿಲ್ಲವೇನೋ ಎಂದು ಕೈ ಹಿಡಿದು ದಾಟಿಸುತ್ತಾರೆ. ಒಮ್ಮೆ ಒಬ್ಬ ಕಾಲೇಜು ಹುಡುಗ, "ಆಂಟಿ, ಅಷ್ಟು ದೊಡ್ಡ ಲೈಟು ಕಾಣಲ್ವಾ?" ಎಂದು ನಕ್ಕ. ತಂಗಿಯೂ ನಕ್ಕಳು. "ಕಾಣ್ತದಪ್ಪ. ನಂಗೆ ಕಂಡಿದ್ದು ಸರಿನಾ ಅಂತ ಕೇಳ್ದೆ" ಎಂದಳು.

ಅವಳ ಕಣ್ಣಿಗೆ ಏನೂ ಆಗಿಲ್ಲ. ಜಯನಗರದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಗೋಡೆಯ ಮೇಲಿನ ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಎಲ್ಲವನ್ನೂ ಸರಿಯಾಗಿ ಹೇಳಿದಳು. ಆದರೆ ಪ್ರತಿ ಉತ್ತರದ ನಂತರ ನನ್ನ ಕಡೆ ತಿರುಗಿ, "ಅಲ್ವೇನಕ್ಕ?" ಎಂದಳು. ಡಾಕ್ಟರು ನನಗೆ, "ಕಣ್ಣು ಚೆನ್ನಾಗಿದೆಯಮ್ಮ, ಧೈರ್ಯ ಕಮ್ಮಿ, ಅಷ್ಟೆ" ಎಂದರು. ನಾನು ತಲೆಯಾಡಿಸಿದೆ. ಆ ಧೈರ್ಯ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಹೊರಗೆ ಬಂದು ತಂಗಿಗೆ ಒಂದು ಎಳನೀರು ಕೊಡಿಸಿದೆ.

ನಾವಿರುವುದು ಗುಡಿಯ ಹಿಂದಿನ ಬೀದಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ಗುಡಿಯ ಮುಂದೆ ನಾನು ಹೂವು, ನಿಂಬೆಹಣ್ಣು ಮಾರುತ್ತೇನೆ. ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರು ಸಾಲುಗಟ್ಟಿ ಬರುತ್ತಾರೆ, ಆಗ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ ಇಡುತ್ತೇನೆ. ಗುಲಾಬಿ ಇಡುವುದಿಲ್ಲ. ಫೆಬ್ರವರಿಯಲ್ಲಿ ಬಿಟಿಎಂ ಕಡೆಯ ಪಿಜಿ ಹುಡುಗಿಯರು ಸ್ಕೂಟರ್ ನಿಲ್ಲಿಸಿ, "ಅಕ್ಕ, ರೋಸ್ ಇಲ್ವಾ? ಉದ್ದ ಕಡ್ಡಿದು, ಒಂದೇ ಒಂದು ಸಾಕು" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಪಕ್ಕದ ಹೂವಿನವನ ಬಕೆಟ್ಟಿನಲ್ಲಿ ಆ ಹೂಗಳು ನಿಂತಿರುತ್ತವೆ. ಹೊರದೇಶಕ್ಕೆ ಹೋಗುವ ಹೂವಿನಲ್ಲಿ ಬೇಡವೆಂದು ತೆಗೆದು ಹಾಕಿದವು ಅವು. ಎಲೆಯಲ್ಲಿ ಒಂದು ಚುಕ್ಕಿ, ಕಡ್ಡಿ ಸ್ವಲ್ಪ ಸೊಟ್ಟ, ಇಲ್ಲವೇ ಮೊಗ್ಗು ಬಾಯಿ ಬಿಟ್ಟದ್ದು. ದೂರದಿಂದಲೇ ಯಾವುದನ್ನು ಯಾಕೆ ತೆಗೆದಿದ್ದಾರೆ ಎಂದು ಹೇಳಬಲ್ಲೆ. ಹತ್ತಿರ ಹೋಗಿ ಮೂಸುವುದಿಲ್ಲ. ಆ ಹೂವಿಗೆ ಅದರದೇ ವಾಸನೆ ಎಂಬುದು ಇಲ್ಲ. ಆದರೂ ನನ್ನ ಮೂಗಿಗೆ ಒಂದು ವಾಸನೆ ಬರುತ್ತದೆ.

ನಮ್ಮೂರು ಕನಕಪುರ ರಸ್ತೆಯ ಆಚೆ. ಈಗ ಮೆಟ್ರೊ ಮುಗಿಯುವಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯಬೇಕು. ಅಮ್ಮ ಬಾವಿಯ ಪಕ್ಕದ ತುಂಡು ಜಾಗದಲ್ಲಿ ಕಾಕಡ ಬೆಳೆದು, ನಾವು ಮೂವರೂ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಪುಟ್ಟಿ ಹೊತ್ತು ಇದೇ ಗುಡಿಯ ಮುಂದೆ ಬಂದು ಮಾರುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ತಂಗಿ ಹತ್ತರವರೆಗೆ ಹೋದಳು. ಹೂ ಕಟ್ಟುವುದರಲ್ಲಿ ಅವಳ ಮುಂದೆ ನಾನು ಏನೂ ಅಲ್ಲ. ದಾರಿಯಲ್ಲಿ ಹೋಗುವವರನ್ನು ನೋಡಿಕೊಂಡು, ಹರಟೆ ಹೊಡೆದುಕೊಂಡು ಕೂತಿರುತ್ತಿದ್ದಳು. ಬೆರಳು ತಮ್ಮ ಪಾಡಿಗೆ ತಾವು ಗಂಟು ಹಾಕುತ್ತಿದ್ದವು. ಅವಳ ಮಾಲೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದರೂ ಒಂದು ಹೂವು ಜಾರುತ್ತಿರಲಿಲ್ಲ.

ಊರಿನ ಮೇಲ್ಗಡೆಯ ಹೊಲಗಳನ್ನು ಒಂದೊಂದಾಗಿ ಒಂದು ಕಂಪನಿ ಹಿಡಿದು ಬಿಳಿ ಪ್ಲಾಸ್ಟಿಕ್ಕಿನ ಮನೆಗಳನ್ನು ಕಟ್ಟಿತು. ಒಳಗೆಲ್ಲ ಗುಲಾಬಿ, ಎಲ್ಲವೂ ವಿಮಾನದಲ್ಲಿ ಹೋಗುವಂಥದ್ದು. ದಿಬ್ಬದ ಮೇಲೆ ನಿಂತು ನೋಡಿದರೆ ಬಿಸಿಲಿಗೆ ಆ ಮಾಡುಗಳು ಕೆರೆ ತುಂಬಿದ ಹಾಗೆ ಹೊಳೆಯುತ್ತಿದ್ದವು. ನಿಜವಾದ ಕೆರೆ ಕೆಳಗಡೆ ಇತ್ತು. ಮಳೆ ಬಂದರೆ ಮೇಲಿನ ಹೊಲದ ನೀರು ಹಳ್ಳ ಹಿಡಿದು ಅದಕ್ಕೆ ಇಳಿಯುತ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಆ ನೀರೆಲ್ಲ ಪೈಪಿನಲ್ಲಿ ಕಂಪನಿಯ ಹೊಂಡಕ್ಕೆ ಹೋಯಿತು. ಬೇಸಿಗೆಗೆ ಹೊಂಡವೂ ಸಾಲದೆ ಬೋರ್‌ವೆಲ್ ಕೊರೆಸಿದರು. ನಮ್ಮ ಬಾವಿಯ ಹಗ್ಗಕ್ಕೆ ಅಮ್ಮ ಹಳೇ ಸೀರೆ ಹರಿದು ಗಂಟು ಹಾಕಿ ಉದ್ದ ಮಾಡಿದಳು, ಮತ್ತೆ ಮಾಡಿದಳು. ಕೊನೆಗೆ ಬಿಂದಿಗೆಯಲ್ಲಿ ಕೆಸರು ಬಂತು. ಕಾಕಡದ ಮೊಗ್ಗು ಅಕ್ಕಿಕಾಳಿನಷ್ಟಾಯಿತು, ಆಮೇಲೆ ಅದೂ ಇಲ್ಲ.

ಬೇಡದ ಹೂವನ್ನು ಟ್ರ್ಯಾಕ್ಟರಿನಲ್ಲಿ ತಂದು ಕೆರೆಯ ಅಂಗಳದಲ್ಲಿ ಸುರಿಯುತ್ತಿದ್ದರು. ಕೆಂಪಗೆ ಗುಡ್ಡೆ ಬಿದ್ದಿರುತ್ತಿತ್ತು. ದನಗಳು ತಿನ್ನುತ್ತಿದ್ದವು. ಪಕ್ಕದ ಮನೆಯ ಗಬ್ಬದ ಹಸು ಕಂದು ಹಾಕಿತು, ಊರವರು ದೃಷ್ಟಿ ಎಂದರು. ಒಂದು ಸಂಜೆ ತಂಗಿ ಜಗಲಿಯಲ್ಲಿ ಕೂತು, "ಅಕ್ಕ, ಈ ಸಲ ಮಳೆ ಬಂದ್ರೂ ಕಪ್ಪೆ ಕೂಗ್ಲಿಲ್ಲ ಅಲ್ವಾ?" ಎಂದಳು. ಅವಳು ಹೇಳುವವರೆಗೆ ನನಗೆ ಅದು ಗೊತ್ತೇ ಆಗಿರಲಿಲ್ಲ. ನಾವು ಮೂವರೂ ಸುಮ್ಮನೆ ಕಿವಿಗೊಟ್ಟು ಕೂತೆವು. ಕಂಪನಿಯ ಮೋಟರಿನ ಸದ್ದು ಮಾತ್ರ ಬರುತ್ತಿತ್ತು.

ಆ ಹೊತ್ತಿಗೆ ನಾವಿಬ್ಬರೂ ಅಲ್ಲೇ ಕೆಲಸಕ್ಕೆ ಸೇರಿದ್ದೆವು. ಬೇರೆ ಏನು ಮಾಡುವುದು? ಖುಷಿಯಾಗಿಯೇ ಸೇರಿದೆವು, ಅದನ್ನೂ ಹೇಳಬೇಕು. ಟೋಪಿ ಕೊಟ್ಟರು, ಬೂಟು ಕೊಟ್ಟರು, ಎರಡು ಹೊತ್ತು ಟೀ. ಊರಿನ ಹೆಂಗಸರೆಲ್ಲ ಒಟ್ಟಿಗೆ ನಗುತ್ತಾ ಹೋಗುತ್ತಿದ್ದೆವು. ಬೆಳಿಗ್ಗೆ ಎದ್ದು ಬಾವಿಯೊಳಗೆ ಇಣುಕಿ ನೋಡಬೇಕಾದ ಸಂಕಟ ತಪ್ಪಿತ್ತು.

ಅಲ್ಲಿ ಕೆಲಸಕ್ಕೆ ಒಂದು ಕ್ರಮವಿತ್ತು. ಮೊಗ್ಗು ಬಿಗಿಯಾಗಿ ಮುಚ್ಚಿರುವಾಗಲೇ ಕತ್ತರಿಸಬೇಕು. ತುದಿ ಸ್ವಲ್ಪ ಸಡಿಲವಾದರೂ ಅದು ಹೊರದೇಶಕ್ಕೆ ನಡೆಯುವುದಿಲ್ಲ. ಎಲೆಯ ಕೆಳಗೆ ಒಂದು ಸಣ್ಣ ಹುಳ ಸಿಕ್ಕರೂ ಪೆಟ್ಟಿಗೆಗಳೆಲ್ಲ ವಾಪಸ್ಸು. ಹಾಗಾಗಿ ಔಷಧಿ ಹೊಡೆಯುವುದು ನಿಲ್ಲುತ್ತಲೇ ಇರಲಿಲ್ಲ. ಔಷಧಿ ಹೊಡೆದ ಪ್ಲಾಸ್ಟಿಕ್ ಮನೆಯ ಬಾಗಿಲ ಚಿಲಕಕ್ಕೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಮಾರನೇ ದಿನದವರೆಗೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಕಟ್ಟುವುದು, ಬಿಚ್ಚುವುದು ಆ ಮನೆಯ ಮೇಸ್ತ್ರಿಯದೇ ಕೆಲಸ, ಬೇರೆಯವರು ಮುಟ್ಟುವಂತಿಲ್ಲ.

ಎರಡನೇ ವರ್ಷಕ್ಕೆ ನನ್ನನ್ನು ಅಂಥ ಒಂದು ಗುಲಾಬಿ ಮನೆಗೆ ಮೇಸ್ತ್ರಿ ಮಾಡಿದರು. ಕೊರಳಿಗೆ ಒಂದು ಪೀಪಿ ಕೊಟ್ಟರು. ಏಳನೇ ಕ್ಲಾಸಿನವಳು ಊದಿದರೆ ಹತ್ತನೇ ಕ್ಲಾಸಿನವರೂ ಎದ್ದು ಬರುತ್ತಿದ್ದರು. ತಂಗಿ ಮನೆಯಲ್ಲಿ ಛೇಡಿಸುತ್ತಿದ್ದಳು, "ಅಮ್ಮಾ, ಮೇಸ್ತ್ರಮ್ಮಂಗೆ ಮುದ್ದೆ ಹಾಕು, ಇಲ್ದಿದ್ರೆ ಪೀಪಿ ಊದ್ತಾರೆ." ನಾನು ಹುಸಿಕೋಪ ಮಾಡಿಕೊಳ್ಳುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ.

ಅದು ಫೆಬ್ರವರಿ ಹತ್ತಿರ ಬರುತ್ತಿದ್ದ ಕಾಲ. ವರ್ಷದ ವ್ಯಾಪಾರವೆಲ್ಲ ಪ್ರೇಮಿಗಳ ದಿನದ ಆ ಒಂದು ವಾರದ ಮೇಲೆ ನಿಂತಿರುತ್ತದೆ. ನಮ್ಮ ಮನೆಯ ಎಲೆಗಳಲ್ಲಿ ಹುಳ ಕಂಡಿತೆಂದು ಅವತ್ತು ಬೆಳಿಗ್ಗೆ ಔಷಧಿ ಹೊಡೆಸಿದ್ದರು. ನಾನೇ ಬಟ್ಟೆ ಕಟ್ಟಿದೆ. ಆದರೆ ಆ ವರ್ಷ ಬಿಸಿಲು ಮೊದಲೇ ಏರಿತ್ತು. ಊಟದ ಹೊತ್ತಿಗೆ ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಕಾಣುತ್ತಿತ್ತು, ಮೊಗ್ಗುಗಳ ತುದಿ ಸಡಿಲವಾಗುತ್ತಿತ್ತು. ಮ್ಯಾನೇಜರ್ ಬಂದು ನನ್ನ ಪಕ್ಕ ನಿಂತರು.

"ನಾಳೆ ಬೆಳಿಗ್ಗೆ ಅನ್ನೋ ಹೊತ್ತಿಗೆ ಎಲ್ಲಾ ಬಾಯಿ ಬಿಟ್ಟಿರ್ತವಮ್ಮ."

"ಬಟ್ಟೆ ಕಟ್ಟಿದೆ, ಸಾರ್."

"ಕಟ್ಟಿದ್ದು ಯಾರು?"

"ನಾನೇ, ಸಾರ್."

"ಮತ್ತೆ? ನಿಮ್ಮ ಮನೆ, ನಿಮ್ಮ ಹೂವು. ನಾನೇನೂ ಹೇಳಲ್ಲ. ಮೇಸ್ತ್ರಿ ಯಾಕೆ ಮಾಡಿರೋದು ಹೇಳಿ, ಬುದ್ಧಿ ಇದೆ ಅಂತ ತಾನೆ?" ಎಂದು ನಕ್ಕು ಹೋದರು.

ಅವರು ಬಿಚ್ಚು ಎನ್ನಲಿಲ್ಲ. ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಒಮ್ಮೊಮ್ಮೆ ಅವರ ಮೇಲೆ ಹೊರಿಸಲು, ಒಮ್ಮೊಮ್ಮೆ ನನ್ನ ಮೇಲೆ. ನನಗೆ ಆ ಹೊಗಳಿಕೆ ಬೇಕಾಗಿತ್ತು. ನಮ್ಮ ಮನೆಯ ಹೂವು ಬೇರೆ ಮನೆಯ ಹೂವಿಗಿಂತ ಮೊದಲು ಲಾರಿ ಹತ್ತಬೇಕಾಗಿತ್ತು. ಬಟ್ಟೆ ಬಿಚ್ಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನನ್ನ ಹೆಂಗಸರು ಹೊಂಗೆ ಮರದ ಕೆಳಗೆ ಊಟ ಮಾಡುತ್ತಿದ್ದರು. ಅವರು ಬೆಳಿಗ್ಗೆ ಔಷಧಿ ಹೊಡೆದದ್ದನ್ನು ನೋಡಿದವರು. ಕರೆದರೆ ಬಟ್ಟೆ ಯಾಕೆ ಬಿಚ್ಚಿದೆ ಎಂದು ಕೇಳುತ್ತಾರೆ. ತಂಗಿ ಬೆಳಿಗ್ಗೆಯಿಂದ ಪ್ಯಾಕಿಂಗ್ ಕಡೆ ಇದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಊಟ ಮುಗಿಸಿದವಳು ದಿನವೂ ಮಾಡುವಂತೆ ಎಲ್ಲರಿಗಿಂತ ಮೊದಲು ಬಕೆಟ್ಟು ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದಳು. ನಾನು ನೀರಿನ ತೊಟ್ಟಿಯ ಹತ್ತಿರ ನಿಂತಿದ್ದೆ. ಅವಳು ಚಿಲಕ ನೋಡಿದಳು. ನನಗೆ ಚೆನ್ನಾಗಿ ನೆನಪಿದೆ, ಒಂದು ಕ್ಷಣ ನಿಂತು ಚಿಲಕ ನೋಡಿಯೇ ಬಾಗಿಲು ತೆರೆದಳು. ಕೂಗಬಹುದಿತ್ತು. ಕೊರಳಲ್ಲಿ ಪೀಪಿ ಇತ್ತು. ಅವಳು ಒಳಗೆ ಕತ್ತರಿಸುತ್ತಿರುವುದನ್ನು ಕಂಡರೆ ಉಳಿದವರು ಕೇಳದೆ ಬರುತ್ತಾರೆ ಎಂದುಕೊಂಡೆ.

ವಾಸನೆ ಬರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆ ವಾಸನೆ ಅಲ್ಲಿ ದಿನವೂ ಇತ್ತು. ನಮ್ಮ ಸೀರೆಯಲ್ಲಿ, ಊಟದ ಡಬ್ಬಿಯಲ್ಲಿ, ಅಮ್ಮನ ಹಾಸಿಗೆಯಲ್ಲಿ ಕೂಡ ಇತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅವಳು ಬಕೆಟ್ಟನ್ನು ಎದೆಗೆ ಅವಚಿಕೊಂಡು ಹೊರಗೆ ಬಂದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೈಯೆಲ್ಲ ನೀರು ಹುಯ್ದ ಹಾಗೆ ಬೆವರು. "ಅಕ್ಕ, ಎಲ್ಲಾ ಮಂಜು ಮಂಜು" ಎಂದಳು. ಬಾಗಿಲಲ್ಲೇ ಕುಸಿದಳು, ಹೂವು ಅವಳ ಮೇಲೆಯೇ ಚೆಲ್ಲಿತು. ಹೆಂಗಸರು ಓಡಿ ಬಂದು ಎತ್ತಿದರು. ವ್ಯಾನ್ ತಂದರು.

ಇಲ್ಲಿಯವರೆಗೆ ಮಾಡಿದ್ದಕ್ಕೆ ದೇವರು ಒಂದು ವೇಳೆ ಕ್ಷಮಿಸಬಹುದು. ಆಮೇಲೆ ಮಾಡಿದ್ದನ್ನು ಹೇಳುತ್ತೇನೆ. ಅವಳನ್ನು ವ್ಯಾನಿನಲ್ಲಿ ಮಲಗಿಸುತ್ತಿದ್ದಾಗ ನಾನು, "ನೀರಿನ ಬಾಟ್ಲಿ ತರ್ತೀನಿ" ಎಂದು ಹಿಂದಕ್ಕೆ ಓಡಿದೆ. ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಸೊಂಟದಿಂದ ಬಟ್ಟೆ ತೆಗೆದು ಚಿಲಕಕ್ಕೆ ಮತ್ತೆ ಕಟ್ಟಿದೆ. ತಂಗಿ ಬದುಕುತ್ತಾಳೋ ಸಾಯುತ್ತಾಳೋ ಗೊತ್ತಿಲ್ಲದ ಹೊತ್ತಿನಲ್ಲಿ ನನ್ನ ಬೆರಳು ನೆಟ್ಟಗೆ ಗಂಟು ಹಾಕಿತು. ಅದನ್ನು ನೆನೆದರೆ ಈಗಲೂ ನನ್ನ ಕೈ ನನ್ನದಲ್ಲ ಎನಿಸುತ್ತದೆ. ಆಮೇಲೆ ಬಾಟಲಿ ಹಿಡಿದು ಓಡಿ ಹೋಗಿ ವ್ಯಾನ್ ಹತ್ತಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಅವಳು ಬದುಕಿದಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮ್ಯಾನೇಜರ್ ಕೂಡ ಮಂಚದ ಹತ್ತಿರ ನಿಂತಿದ್ದರು. "ಬಟ್ಟೆ ಇತ್ತಲ್ವಾ, ಮೇಸ್ತ್ರಿ?" ಎಂದು ನನ್ನನ್ನು ಕೇಳಿದರು. ಅವರ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. "ಇತ್ತು, ಸಾರ್" ಎಂದೆ.

ಅವರು ಹೋದ ಮೇಲೆ ತಂಗಿ ನನ್ನ ಸೆರಗು ಹಿಡಿದುಕೊಂಡಳು. "ಅಕ್ಕ, ನಾನು ನೋಡ್ದೆ. ನೋಡ್ಕೊಂಡೇ ಹೋದೆ. ಬಟ್ಟೆ ಇರ್ಲಿಲ್ಲ ಕಣಕ್ಕ."

"ಅವಸರದಲ್ಲಿ ಕಂಡಿರಲ್ಲ, ಬಿಡು" ಎಂದೆ.

ಅವಳು ಬಹಳ ಹೊತ್ತು ಮೇಲೆ ಫ್ಯಾನ್ ನೋಡುತ್ತಾ ಮಲಗಿದ್ದಳು. "ಇದ್ರೂ ಇದ್ದಿರ್ಬೋದು" ಎಂದಳು ಕೊನೆಗೆ. ಅವತ್ತು ಅವಳು ತನ್ನ ಕಣ್ಣನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಂಡೆ.

ಮನೆಗೆ ಬಂದ ಮೇಲೆ, ಮೈ ಸುಧಾರಿಸಿತು ಎಂದುಕೊಳ್ಳುತ್ತಿರುವಾಗ, ಅವಳ ಪಾದ ಮತ್ತು ಬೆರಳು ಜೋಮು ಹಿಡಿಯತೊಡಗಿದವು. ಪಾದ ಅರ್ಧ ಸರಿಹೋಯಿತು. ಬೆರಳ ತುದಿ ಇಂದಿಗೂ ಹಾಗೇ ಇದೆ, ಬಿಸಿ ತಣ್ಣಗೆ ತಿಳಿಯುವುದಿಲ್ಲ, ದಾರ ಹಿಡಿದದ್ದು ತಿಳಿಯುವುದಿಲ್ಲ. ಹೂ ಕಟ್ಟಲು ಕೂತರೆ ಮಾಲೆ ಉದುರಿಹೋಗುತ್ತಿತ್ತು. ಅಮ್ಮ ಸಂಕಟಕ್ಕೆ ಬೈಯುತ್ತಿದ್ದಳು, "ಅಷ್ಟು ಕೆಂಪು ಬಟ್ಟೆ ಕಾಣ್ಲಿಲ್ವೇನೇ, ಕಣ್ಣು ಎಲ್ಲಿ ಇಟ್ಕೊಂಡಿದ್ದೆ?" ತಂಗಿ ಉದುರಿದ ಹೂವು ಆಯುತ್ತಿದ್ದಳು. ನಾನೂ ಪಕ್ಕದಲ್ಲೇ ಕೂತಿರುತ್ತಿದ್ದೆ. ಅಮ್ಮ ಹಾಗೇ ನಂಬಿಕೊಂಡು ಹೋದಳು.

ಅಮ್ಮ ಹೋದ ಮೇಲೆ ಊರಲ್ಲಿ ನಮಗೆ ನೀರೂ ಇರಲಿಲ್ಲ, ಗಿಡವೂ ಇರಲಿಲ್ಲ. ಗುಡಿಯ ಮುಂದೆ ಅಮ್ಮ ಕೂರುತ್ತಿದ್ದ ಜಾಗವೊಂದಿತ್ತು, ಬನಶಂಕರಿಗೆ ಬಂದುಬಿಟ್ಟೆವು. ಮಾರ್ಕೆಟ್ಟಿನಿಂದ ಹೂವು ತರುತ್ತೇನೆ, ತಂಗಿ ತೊಟ್ಟು ಬಿಡಿಸುತ್ತಾಳೆ, ನಾನು ಕಟ್ಟುತ್ತೇನೆ. ಮನೆಗೆ ಬೀಗ ಹಾಕಿ ಬಂದವಳು ಅರ್ಧ ದಾರಿಯಿಂದ ಹಿಂದಿರುಗಿ ಹೋಗಿ ನೋಡುತ್ತಾಳೆ. ಗ್ಯಾಸ್ ಆರಿಸಿ, "ಅಕ್ಕ, ಆರಿದೆಯಾ ನೋಡು" ಎನ್ನುತ್ತಾಳೆ. ಆರಿದೆ ಎಂದರೆ ಸಾಕು, ಪೂರ್ತಿ ನಂಬುತ್ತಾಳೆ. ಲೋಕದಲ್ಲಿ ಅವಳು ಹಾಗೆ ನಂಬುವುದು ನನ್ನೊಬ್ಬಳನ್ನು.

ಕೆಂಪು ಬಟ್ಟೆಗೆ ಈ ಊರಲ್ಲಿ ಕೊರತೆಯಿಲ್ಲ. ರಿಂಗ್ ರಸ್ತೆಯಲ್ಲಿ ಕಬ್ಬಿಣದ ಸರಳು ತುಂಬಿದ ಲಾರಿಗಳ ಹಿಂದೆ ಅದು ಹಾರಾಡುತ್ತದೆ. ಜೆಪಿ ನಗರದಲ್ಲಿ ಮನೆ ಕಟ್ಟುವ ಕಡೆ, ಅಗೆದ ಗುಂಡಿಯ ಸುತ್ತ, ಎಲ್ಲಿ ನೋಡಿದರೂ. ಕೆಲವು ಮಧ್ಯಾಹ್ನ ಗುಡಿಯಿಂದ ಬೀದಿಗೆ ತಿರುಗುವಾಗ ನಮ್ಮ ಮನೆಯ ಚಿಲಕದಲ್ಲಿ ಅದು ಕಟ್ಟಿರುವುದು ಕಾಣುತ್ತದೆ. ಗಂಟು ನನ್ನದೇ. ಕಾಲು ಮುಂದೆ ಹೋಗುವುದಿಲ್ಲ. ಒಳಗಿನಿಂದ ತಂಗಿ ಪಾತ್ರೆ ಸದ್ದು ಮಾಡಿದ ಮೇಲೆ ಬಾಗಿಲು ಬರಿದಾಗುತ್ತದೆ.

ಈಚೆಗೆ ತಂಗಿ ಜಯನಗರದ ಒಂದು ಮನೆಗೆ ಸ್ವಲ್ಪ ಹೊತ್ತಿನ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಮೇಡಂ ಬ್ಯಾಂಕಿಗೆ ಹೋಗುವವರು. ಮನೆಯಲ್ಲಿ ಅವರ ತಾಯಿ ಒಬ್ಬರೇ, ಮಾತಿಗೆ ಜನ ಬೇಕು. ಆ ಅಜ್ಜಿಗೂ ಇವಳಿಗೂ ಅದೇನು ಹೊಂದಿಕೆಯೋ, ಸಂಜೆ ಬಂದರೆ ಅಜ್ಜಿಯದೇ ಪುರಾಣ. ಅಜ್ಜಿ ಹೀಗಂದ್ರು, ಅಜ್ಜಿ ಹಾಗೆ ಬೈದ್ರು ಎಂದು ಹೇಳಿಕೊಂಡು ನಗುತ್ತಿದ್ದಳು. ಆ ನಗುವನ್ನು ಊರಲ್ಲೇ ಬಿಟ್ಟುಬಂದೆವು ಎಂದುಕೊಂಡಿದ್ದೆ.

ಒಂದು ರಜೆಯ ದಿನ ಮೇಡಂ ನನ್ನನ್ನು ಹುಡುಕಿಕೊಂಡು ಗುಡಿಯ ಹತ್ತಿರವೇ ಬಂದರು. "ನಿಮ್ಮ ತಂಗಿಗೆ ಸ್ವಲ್ಪ ಹೇಳ್ರಿ. ಅಮ್ಮನಿಗೆ ಮಾತ್ರೆ ಕೊಡಕ್ಕೂ ಅವಳೇ ಆದ್ರೆ ದಿನಪೂರ್ತಿ ಇಟ್ಕೋತೀವಿ. ಕೆಂಪು ಬೆಳಿಗ್ಗೆ, ಬಿಳಿ ಮಧ್ಯಾಹ್ನ, ಅಷ್ಟೆ. ನಮ್ಮಮ್ಮ ಏನಂದ್ರು ಗೊತ್ತಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಮೇಲಿಂದ ಬಂದು ಸಾಕ್ಷಿ ಹೇಳಲ್ಲ ಕಣೇ, ಕೊಡು ಅಂದ್ರು. ಆದ್ರೂ ಇವಳು ಒಪ್ತಿಲ್ಲ. ಮಾತ್ರೆ ಕೊಡೋರೇ ಬೇಕು ನಮಗೆ. ಇಲ್ದಿದ್ರೆ ಮುಂದಿನ ತಿಂಗಳಿಂದ ನರ್ಸ್ ಒಬ್ರನ್ನ ಇಡ್ತೀವಿ, ಇವಳು ಬರೋದೂ ಬೇಕಾಗಲ್ಲ."

ಆ ಮಧ್ಯಾಹ್ನ ಮನೆಯಲ್ಲಿ ತಂಗಿ ಕಾಕಡದ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ಕೇಳಿದೆ. "ನಂಗೆ ಆಸೆ ಇಲ್ವಾ ಅಕ್ಕ?" ಎಂದಳು. "ಆದ್ರೆ ಬಾಗಿಲಷ್ಟು ದೊಡ್ಡದ್ರ ಮೇಲೆ ಕಟ್ಟಿದ್ದ ಬಟ್ಟೆ ಕಾಣ್ದೋಳು ನಾನು. ಮಾತ್ರೆ ಇಷ್ಟೇ ಇಷ್ಟಿರ್ತದೆ. ಅಜ್ಜಿಗೇನಾದ್ರೂ ಆದ್ರೆ?"

ನನ್ನ ಕೈಯಲ್ಲಿ ಅರ್ಧ ಕಟ್ಟಿದ ಮಾಲೆ ಇತ್ತು. ಕೆಳಗಿಟ್ಟೆ. "ಬಟ್ಟೆ ಇರ್ಲಿಲ್ಲ ಕಣೇ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಯಾವ್ದು?"

"ಅವತ್ತು. ನಾನು ಬಿಚ್ಚಿದ್ದೆ. ಸೊಂಟದಲ್ಲಿ ಇತ್ತು."

ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಾನು ಬರೋವಾಗ?"

"ಇರ್ಲಿಲ್ಲ."

"ಬಿದ್ದಾಗ?"

"ಆಗ್ಲೂ ಇರ್ಲಿಲ್ಲ. ನೀನು ವ್ಯಾನಲ್ಲಿದ್ದಾಗ ಕಟ್ಟಿದೆ."

"ನೀರಿನ ಬಾಟ್ಲಿ ತರಕ್ಕೆ ಹೋದಾಗ." ಅದು ಪ್ರಶ್ನೆಯಾಗಿರಲಿಲ್ಲ. ಅಷ್ಟು ಮಂಪರಿನಲ್ಲೂ ಅವಳಿಗೆ ಅದು ನೆನಪಿತ್ತು. "ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದೆ. ಮೊದಲಿನಿಂದ ಹೇಳು ಎಂದಳು, ಹೇಳಿದೆ. ಮ್ಯಾನೇಜರ್ ಹೇಳಿದ್ದು, ತೊಟ್ಟಿಯ ಹತ್ತಿರ ನಿಂತಿದ್ದು, ಪೀಪಿ ಊದದೆ ಇದ್ದದ್ದು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಉಸಿರು ಬರುತ್ತಿತ್ತೇನೋ. "ಅಮ್ಮಂಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅವಳ ಕೈ ಆಗ ನಿಂತಿತು.

"ಅಲ್ಲಿಗೆ ಹೋಗಿ ಹೇಳು" ಎಂದಳು. "ಹೊಸಬ್ರು ಸೇರಿದಾಗೆಲ್ಲ ನನ್ನ ಕತೇನೇ ಹೇಳ್ತಾರಂತೆ. ಕೆಂಪು ಬಟ್ಟೆ ಕಟ್ಟಿದ್ರೂ ಒಳಗೆ ನುಗ್ಗಿದ ಕುರುಡಿ ಅಂತ. ನನ್ನ ಜೊತೆ ಕೆಲ್ಸ ಮಾಡ್ದೋರಿಗೆ ಹೇಳ್ಬಿಟ್ಟು ಬಾ. ಆಮೇಲೆ ನನ್ನ ಹತ್ರ ಮಾತಾಡು."

ಆ ಭಾನುವಾರ ಮೆಟ್ರೊ ಹತ್ತಿ ಕೊನೆಯವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದೆ. ಹೂವಿನ ಕೆಲಸಕ್ಕೆ ಭಾನುವಾರ ರಜೆಯಿಲ್ಲ. ಬಿಳಿ ಮನೆಗಳು ಕೆರೆಯ ಅಂಚಿನವರೆಗೆ ಬಂದಿದ್ದವು. ಕೆರೆಯಲ್ಲಿ ಜಾಲಿ ಬೆಳೆದಿತ್ತು, ನಡುವೆ ನೀರಿನ ಟ್ಯಾಂಕರ್ ಓಡಾಡಿ ದಾರಿಯಾಗಿತ್ತು. ಅಮ್ಮನ ಬಾವಿಗೆ ಯಾರೋ ಕಸ ತುಂಬಿ ಮುಚ್ಚಿದ್ದರು. ಗೇಟಿನ ಎದುರಿನ ಅಂಗಡಿಯಲ್ಲಿ ಕೂತೆ. ಬಾಯಾರಿ ನೀರು ಕೇಳಿದರೆ ಅಂಗಡಿಯವಳು ಕ್ಯಾನಿನಿಂದ ಬಗ್ಗಿಸಿ ಕೊಟ್ಟಳು, "ಬೋರಿಂದು ಕುಡೀಬೇಡಿ, ಬಾಯಿ ಉರೀತದೆ" ಎಂದಳು.

ಸಂಜೆ ಹೆಂಗಸರು ಹೊರಗೆ ಬಂದರು. ನನ್ನ ಮನೆಯಲ್ಲಿ ಕೆಲಸ ಮಾಡಿದ್ದ ಒಬ್ಬಾಕೆ, ನನಗಿಂತ ದೊಡ್ಡವಳು, ಗುರುತು ಹಿಡಿದಳು. "ಅಯ್ಯೋ, ಮೇಸ್ತ್ರಮ್ಮ! ಮತ್ತೆ ಪೀಪಿ ಊದಕ್ಕೆ ಬಂದ್ಯಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಅವಳ ಕೊರಳಲ್ಲಿ ಈಗ ಪೀಪಿ ಇತ್ತು. ಅವಳ ಜೊತೆ ನಾಲ್ಕಾರು ಹೆಂಗಸರು ನಿಂತರು. ಅಲ್ಲೇ, ಅವರೆಲ್ಲರ ಮುಂದೆ ಹೇಳಿದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತು ಬೇಗ ಮುಗಿದುಹೋಯಿತು.

ಆಕೆ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ಇದ್ನ ಹೇಳಕ್ಕೆ ಇಷ್ಟು ದೂರ ಬಂದ್ಯಾ? ನಮ್ಗೆ ಗೊತ್ತಿತ್ತು ಕಣಮ್ಮ. ಅವಳನ್ನ ಎತ್ತೋವಾಗ ಆ ಚಿಲಕಕ್ಕೇ ನನ್ನ ಸೆರಗು ಸಿಕ್ಕಿತ್ತು. ಬಟ್ಟೆ ಇರ್ಲಿಲ್ಲ. ವ್ಯಾನ್ ಹೋದ್ಮೇಲೆ ನೋಡಿದ್ರೆ ಇತ್ತು. ಎಲ್ರೂ ನೋಡಿದ್ವಿ."

"ಮತ್ತೆ ಯಾರೂ ಹೇಳ್ಲಿಲ್ವಲ್ಲ?"

"ಯಾರಿಗೇಳದು? ನಿನಗಾ? ಮ್ಯಾನೇಜರ್‌ಗಾ?" ಅವಳ ದನಿ ಸ್ವಲ್ಪ ತಗ್ಗಿತು. "ನೀನು ಹೋದ್ಮೇಲೆ ನನ್ನ ಮಾಡಿದ್ರು ಮೇಸ್ತ್ರಿ. ನಾನೂ ಬಿಚ್ಚಿವ್ನಿ. ಎಷ್ಟು ಸಲ ಅಂತ ಕೇಳ್ಬೇಡ."

ಪಕ್ಕದ ಹುಡುಗಿ, ಹೊಸದಾಗಿ ಸೇರಿದವಳಿರಬೇಕು, "ಈಗ ಬಟ್ಟೆ ಇಲ್ಲ ಆಂಟಿ, ಬೋರ್ಡು. ಅದ್ನ ತಿರುಗಿಸಿಬಿಡ್ತಾರೆ" ಎಂದು ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು. ವ್ಯಾನ್ ಬಂತು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿದರು. ಅವರು ಹೋದ ಮೇಲೆ ಆ ವಾಸನೆ ಅಲ್ಲೇ ನಿಂತಿತ್ತು. ಬಸ್ಸು ಬರುವವರೆಗೆ ನಾನೂ ನಿಂತಿದ್ದೆ.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ತಂಗಿಗೆ ಹೇಳಿದೆ. ಸೆರಗು ಸಿಕ್ಕಿದ್ದು, ಎಲ್ಲರೂ ನೋಡಿದ್ದು. ಅವಳು ಗೋಡೆಗೆ ಒರಗಿ ಕೂತು ಕೇಳಿದಳು.

"ಎಲ್ರಿಗೂ ಗೊತ್ತಿತ್ತಾ?"

"ಹೂಂ."

"ನಿಂಗೆ, ಮ್ಯಾನೇಜರ್‌ಗೆ, ಅವ್ರಿಗೆಲ್ಲಾ." ಬೆರಳು ಮಡಚಿ ಎಣಿಸಿದಳು. "ಮೊದ್ಲು ನೋಡ್ದೋಳು ನಾನು. ನಂಗೊಬ್ಳಿಗೇ ಗೊತ್ತಿರ್ಲಿಲ್ಲ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು, "ಫೋನ್ ಕೊಡು" ಎಂದಳು. ಕೊಟ್ಟೆ. ಜೋಮು ಹಿಡಿದ ಬೆರಳಿಗೆ ಫೋನಿನ ಗಾಜು ಸರಿಯಾಗಿ ಒತ್ತಿದ್ದು ತಿಳಿಯುವುದಿಲ್ಲ, ಯಾವಾಗಲೂ ನಾನೇ ಮಾಡಿಕೊಡುವುದು. ಕೈ ಚಾಚಿದೆ. ಬೇಡ ಎಂದು ತಲೆಯಾಡಿಸಿ, ಬೆರಳ ಗೆಣ್ಣಿನಿಂದ ತಾನೇ ಒತ್ತಿ ಕಿವಿಗೆ ಇಟ್ಟುಕೊಂಡಳು.

"ಮೇಡಂ, ನಾನು. ಅಜ್ಜಿಗೆ ಮಾತ್ರೆ ನಾನೇ ಕೊಡ್ತೀನಿ. ಹೂಂ ಮೇಡಂ, ಗೊತ್ತು, ಕೆಂಪು ಬೆಳಿಗ್ಗೆ, ಬಿಳಿ ಮಧ್ಯಾಹ್ನ." ಆ ಕಡೆಯಿಂದ ಮೇಡಂ ಖುಷಿಯಾಗಿ ಏನೋ ಹೇಳಿದರು. ಅವಳು ಕೇಳಿಸಿಕೊಂಡು ನನ್ನ ಕಡೆ ನೋಡದೆ ಕೇಳಿದಳು, "ಮೇಡಂ, ಅಲ್ಲೇ ಇದ್ಬಿಡಕ್ಕೆ ನಂಗೊಂದು ಚೂರು ಜಾಗ ಆಗತ್ತಾ? ಅಡುಗೆಮನೆ ಪಕ್ಕದಲ್ಲಾದ್ರೂ ಪರ್ವಾಗಿಲ್ಲ. ಇಲ್ಲ ಮೇಡಂ, ಅಕ್ಕ ಬರಲ್ಲ. ನಾನೊಬ್ಳೇ."